ಖಾಯಂ ಮಾರೆಣ್ಣ

ಪಾರ್ವತಿನಗರ, ಬಳ್ಳಾರಿ
26 ಫೆಬ್ರವರಿ 2024

ಹಂಪಕ್ಕನಿಗೆ,

'ಪ್ರೀತಿಯ ಅಕ್ಕ' ಎಂದು ಶುರು ಮಾಡಲು ಹೋದೆ, ಕೈ ಬರಲಿಲ್ಲ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಅಳುತ್ತೀಯ, ಅತ್ತು ಗೆಲ್ಲುತ್ತೀಯ. ಚಿಕ್ಕಂದಿನಿಂದ ನಿನ್ನ ವ್ಯಾಪಾರವೇ ಅದು. ಕಾಗದದ ಮುಂದೆ ಎಷ್ಟು ಬೇಕಾದರೂ ಅಳು, ನನಗೆ ಕೇಳಿಸುವುದಿಲ್ಲ. ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ.

ಮೊನ್ನೆ ಕುರುಗೋಡಿನಲ್ಲಿ, ನಂದಿನಿಯ ತವರುಮನೆಯಲ್ಲಿ, ಅಷ್ಟು ಜನರ ಮುಂದೆ ನೀನು ಮಾಡಿದ್ದೇನು ಅಂತ ನಿನಗೆ ಗೊತ್ತಿದೆ. ಆದರೂ ಬರೆಯುತ್ತೇನೆ, ಮುಂದೆ ಯಾರಾದರೂ ಕೇಳಿದರೆ 'ನಾನೇನು ಮಾಡಿದೆ' ಅನ್ನಬಾರದು. ನನ್ನ ಮಗನಿಗೆ ಸಮ್ರಾಟ್ ಎಂದು ಹೆಸರಿಡುವುದು ಅವನು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ನಿನಗೂ ಹೇಳಿದ್ದೆ. ಬೌದ್ಧನಾದವನಿಗೆ ತೊಟ್ಟಿಲ ಶಾಸ್ತ್ರ ಯಾಕೆ ಅಂದವನು ನಾನು. ಅತ್ತೆ ಮಂಜಮ್ಮನವರು "ತೊಟ್ಲಾಗ ಹಾಕದ ಕೂಸಿಗೆ ಹೆಸರು ಹತ್ತಂಗಿಲ್ರಿ" ಎಂದು ಹಟ ಹಿಡಿದರು. ಒಪ್ಪಿಕೊಂಡೆ. ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು, ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಆಟದಂಥ ಶಾಸ್ತ್ರ, ಆಗಲಿ ಅಂದೆ. ನೀನು ತೊಟ್ಟಿಲಿಗೆ ಬಗ್ಗಿದೆ. ಕುರ್ರ್ ಅಂದೆ. ಆಮೇಲೆ ಬೀದಿಗೆ ಕೇಳುವಂತೆ ಅಪ್ಪನ ಹೆಸರು, "ಮಾರೆಣ್ಣ" ಅಂದೆ.

ಗುದ್ದಲು ಎತ್ತಿದ ಕೈಗಳು ಒಂದು ಗಳಿಗೆ ಹಾಗೇ ನಿಂತವು. ಯಾರೋ ನಕ್ಕರು. ನಕ್ಕಮೇಲೆ ಗುದ್ದಿಯೇ ಬಿಟ್ಟರು, ಸಕ್ಕರೆ ಹಂಚಿಯೇ ಬಿಟ್ಟರು. ಈಗ ಆ ಓಣಿಯ ತುಂಬ ನನ್ನ ಮಗ ಮಾರೆಣ್ಣ. ಹಾಲು ಹಾಕುವವಳು ಕೂಡ "ಮಾರೆಣ್ಣ ಎದ್ದಾನೇನ್ರಿ" ಎಂದು ಕೇಳುತ್ತಾಳೆ. ಅತ್ತೆಯವರಿಗೆ ಹೇಳಿದರೆ, "ಸೋದರತ್ತಿ ಅಂದದ್ದು ಖಾಯಂರಿ. ಬದ್ಲಿ ಮಾಡಬೇಕಂದ್ರ ಅಕಿನ ಬಂದು ತಿರುಗಿ ಹೇಳಬೇಕು" ಅನ್ನುತ್ತಾರೆ.

ಖಾಯಂ! ಆ ಪದ ಕೇಳಬಾರದೆಂದೇ ನಾನು ಸಿರುಗುಪ್ಪ ಬಿಟ್ಟು ಬಳ್ಳಾರಿಗೆ ಬಂದದ್ದು. ಅದು ಕುರುಗೋಡಿಗೆ ಹೋಗಿ ನನ್ನ ಮಗನ ತೊಟ್ಟಿಲಲ್ಲಿ ಕೂತಿದೆ.

ಆದ್ದರಿಂದ ಸರಿಯಾಗಿ ಓದು. ಮೇ 23ಕ್ಕೆ ಬುದ್ಧ ಪೂರ್ಣಿಮೆ. ಅವತ್ತು ಕುರುಗೋಡಿನವರನ್ನೆಲ್ಲ ನನ್ನ ಮನೆಗೆ ಕರೆಯುತ್ತೇನೆ. ನೀನು ಬಂದು ಅದೇ ಜನರ ಮುಂದೆ, ಅದೇ ಕಿವಿಯಲ್ಲಿ, ಸಮ್ರಾಟ್ ಎಂದು ಹೇಳಬೇಕು. ಬರದಿದ್ದರೆ ಮತ್ತೆ ಎಂದೂ ನನ್ನ ಹೊಸಿಲು ತುಳಿಯಬೇಡ. ಅಪ್ಪ ಅವ್ವ ಇಬ್ಬರೂ ಇಲ್ಲ, ನಿನಗೆ ತವರು ಅಂತ ಉಳಿದಿರುವುದು ಇದೊಂದೇ ಮನೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ. ಆ ಮಾತನ್ನು ನಾನು ನಿಜ ಮಾಡಬೇಕಾಗುತ್ತದೆ.

ಮಾರೇಶ್ ಎಂ.


ತೆಕ್ಕಲಕೋಟೆ
9 ಮಾರ್ಚ್ 2024

ತಮ್ಮ ಮಾರೇಶನಿಗೆ ಹಂಪಕ್ಕ ಮಾಡುವ ಆಶೀರ್ವಾದಗಳು. ಬೇಡವಾದರೆ ಆ ಸಾಲನ್ನು ಹರಿದು ಹಾಕು. ನಾನು ದೊಡ್ಡವಳು, ಆಶೀರ್ವಾದ ಮಾಡುವುದು ಬಿಡುವುದಿಲ್ಲ.

ನಿನ್ನ ಕಾಗದ ಅಂಗನವಾಡಿಗೇ ಬಂತು. "ಏನಕ್ಕಾ, ಕೋರ್ಟ್ ನೋಟೀಸೇನು?" ಅಂದ ಅಂಚೆಯವನು. ಹೌದಪ್ಪಾ, ನನ್ನ ತಮ್ಮನೇ ಜಡ್ಜು ಅಂದೆ. ಓದಿದೆ. ಅಳಲಿಲ್ಲ. ಮಕ್ಕಳಿಗೆ ಅನ್ನ ಸಾರು ಬಡಿಸುವುದಿತ್ತು.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಬರೆದಿದ್ದೀಯಲ್ಲ, ಆ ಗಾದೆಗೆ ದೀಕ್ಷೆ ಕೊಡಿಸಿದವರು ಯಾರೋ? ಮಾರೆಮ್ಮ ಬೇಡ, ತೊಟ್ಟಿಲು ಬೇಡ, ಕುಂಕುಮ ಬೇಡ, ಹೆಣ್ಣುಮಕ್ಕಳನ್ನು ಹೊರಗೆ ಹಾಕುವ ಗಾದೆ ಮಾತ್ರ ಬೇಕು.

ತಪ್ಪಿ ಬಾಯಿಂದ ಬಂತು ಎಂದು ಬರೆದುಬಿಡು, ಜಗಳ ಮುಗಿಯುತ್ತದೆ ಅಂದರು ನಮ್ಮನೆಯವರು. ಹುಲುಗಪ್ಪನವರ ಸ್ವಭಾವ ನಿನಗೆ ಗೊತ್ತು, ಎರಡು ಎತ್ತು ಗುದ್ದಾಡಿದರೂ ನಡುವೆ ಹೋಗಿ ಮೇವು ಹಾಕುವವರು. ನಾನು ಹಾಗೆ ಬರೆಯುವುದಿಲ್ಲ. ಬೇಕಂತಲೇ ಹೇಳಿದೆ. ಸಮ್ರಾಟ್ ಎಂದು ಹೇಳಲಿಕ್ಕೇ ಬಗ್ಗಿದ್ದೆ, ಆಣೆ ಮಾಡಿ ಹೇಳುತ್ತೇನೆ. ಬಗ್ಗಿದಾಗ ಕೂಸಿನ ಕಿವಿ ಕಂಡಿತು. ಅಪ್ಪನ ಕಿವಿ. ಮೇಲಿನ ಅಂಚು ಮಡಚಿದ ಹಾಗೆ, ಅದೇ. ಆ ಕಿವಿಯಲ್ಲಿ ಬೇರೆ ಹೆಸರು ಹೇಳಲು ನನ್ನಿಂದ ಆಗಲಿಲ್ಲ.

ಆ ಪದದ ಮೇಲೆ ನಿನಗೆ ಯಾಕಷ್ಟು ಸಿಟ್ಟು? ನಮ್ಮ ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಖರ್ಚಾದ ಪದ ಅದು. ಅಪ್ಪ ಕಾಲುವೆಯ ಮೇಲೆ ದಿನಗೂಲಿ ಮಾಡಿದವನು. ಹೂಳು ತೆಗೆಯುವುದು, ದಂಡೆ ಕಾಯುವುದು, ತೂಬು ಎತ್ತುವುದು, ಅದರಲ್ಲೇ ಜೀವ ಸವೆಸಿದ. "ಮುಂದಿನ ತಿಂಗಳ ಖಾಯಂ ಆಗ್ತೀನಿ" ಅನ್ನುತ್ತಲೇ ತಲೆ ಬೆಳ್ಳಗಾಯಿತು. ಅವ್ವ ಆ ಮಾತನ್ನೇ ಹಿಡಿದು ಅವನನ್ನು ಆಡಿಸುತ್ತಿದ್ದಳು. ಒಲೆ ಹತ್ತದಿದ್ದರೆ "ಈ ಹೊಗಿಯರ ಖಾಯಂ ಆತು ನೋಡ್ರಿ". ನಿನಗೆ ನೆಗಡಿಯಾದರೆ "ಇವನ ಮೂಗಿಗೆ ಖಾಯಂ ನೌಕರಿ". ನನ್ನ ಮದುವೆ ಗೊತ್ತಾದ ದಿನ ಅಪ್ಪ ಓಣಿಯಲ್ಲೆಲ್ಲ ಹೇಳಿ ಬಂದ: "ನಮ್ಮ ಹಂಪೀದು ಖಾಯಂ ಆತು, ನಂದ ಇನ್ನಾ ಬಾಕಿ." ಅವನೂ ನಕ್ಕ, ಓಣಿಯೂ ನಕ್ಕಿತು. ನೀನೊಬ್ಬನೇ ಮೂತಿ ಊದಿಸಿಕೊಂಡು ಕೂತಿದ್ದೆ.

ನನಗೆ ಗೊತ್ತಿರುವ ಅರ್ಥ ಹೇಳುತ್ತೇನೆ. ಸಾಹೇಬರು ಸಹಿ ಹಾಕಿ ಕೊಡುವುದು ಖಾಯಂ ಅಲ್ಲ, ಅದನ್ನು ಇನ್ನೊಬ್ಬ ಸಾಹೇಬ ಬಂದು ರದ್ದು ಮಾಡುತ್ತಾನೆ. ಯಾರೂ ಸಹಿ ಹಾಕದಿದ್ದರೂ ಇರುತ್ತದಲ್ಲ, ಅದು ಖಾಯಂ. ಅಪ್ಪನ ಹೆಸರು ಖಾಯಂ. ತವರು ಖಾಯಂ. ಅದನ್ನು ರದ್ದು ಮಾಡಲು ನೀನು ಯಾವ ಸಾಹೇಬ? ನೀನೇ ಆ ಕಾಲೇಜಿನಲ್ಲಿ ಅತಿಥಿ. ಅತಿಥಿ ಉಪನ್ಯಾಸಕ! ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕಿ, ಕರೆದಾರೋ ಇಲ್ಲವೋ ಎಂದು ಬಾಗಿಲು ಕಾಯುತ್ತೀಯ. ಅಪ್ಪನ ಮಾತಿಗೆ ಮೂತಿ ಊದಿಸಿದವನು ಅಪ್ಪನ ಜಾಗದಲ್ಲೇ ಕೂತಿದ್ದೀಯ. ಕೂತಿರುವ ಕುರ್ಚಿ ಬೇರೆ, ಅಷ್ಟೆ.

ಬುದ್ಧ ಪೂರ್ಣಿಮೆಗೆ ಬರುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಿವಿಗೆ ಬಿದ್ದದ್ದು ಬಿತ್ತು. ಬೆನ್ನು ಇನ್ನೂ ನೋಯುತ್ತಿದೆ, ನಿಮ್ಮತ್ತೆಯ ಕೈ ಕಬ್ಬಿಣ.

ಇಂತಿ ನಿನ್ನ ಅಕ್ಕ,
ಹಂಪಕ್ಕ


ಪಾರ್ವತಿನಗರ, ಬಳ್ಳಾರಿ
30 ಮಾರ್ಚ್ 2024

ಹಂಪಕ್ಕನಿಗೆ,

ಅತಿಥಿ ಅಂದೆ. ಸಂತೋಷ. ನನ್ನ ಬೆನ್ನ ಹಿಂದೆ ಊರು ಆಡುವುದನ್ನು ನೀನು ಎದುರಿಗೆ ಆಡಿದೆ. ನೀನು ಅಂಗನವಾಡಿಯಲ್ಲಿ ಗೌರವಧನಕ್ಕೆ ದುಡಿಯುತ್ತೀಯ, ಖಾಯಂ ಮಾಡಿ ಎಂದು ಬಳ್ಳಾರಿಯ ಬಿಸಿಲಲ್ಲಿ ಕೂತು ಕೂಗಿದ್ದೀಯ. ಅವತ್ತು ನಿನಗೆ ನೀರಿನ ಬಾಟಲಿ ತಂದುಕೊಟ್ಟವನು ನಾನು. ಅದು ನೆನಪಿದ್ದರೂ ಆ ಸಾಲು ಬರೆದೆಯಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ನಿನ್ನ ಅರ್ಥ ಹೇಳಿದೆ, ಇನ್ನು ನನ್ನದು ಕೇಳು. ಖಾಯಂ ಎಂಬ ಪದ ನಮ್ಮಂಥವರಿಗೆ ಬೇಕಾದ ಕಡೆ ಎಂದೂ ಬರಲಿಲ್ಲ. ಕೂಲಿ ಖಾಯಂ ಆಗಲಿಲ್ಲ, ನೌಕರಿ ಆಗಲಿಲ್ಲ, ಮನೆ ಕಟ್ಟಿಕೊಂಡ ಜಾಗವೂ ಆಗಲಿಲ್ಲ. ಖಾಯಂ ಆದದ್ದು ನಮ್ಮ ಓಣಿ ಊರಿನ ಯಾವ ಕಡೆ ಇರಬೇಕು ಎಂಬುದು. ನಾವು ಎಲ್ಲಿ ನಿಲ್ಲಬೇಕು, ಯಾವುದನ್ನು ಮುಟ್ಟಬಾರದು ಎಂಬುದು. ಯಾರೂ ಸಹಿ ಹಾಕದಿದ್ದರೂ ಇರುವುದೇ ಖಾಯಂ ಅಂತೀಯಲ್ಲ, ಸರಿಯಾಗಿ ಹೇಳಿದೆ. ಇವಕ್ಕೆಲ್ಲ ಯಾರೂ ಸಹಿ ಹಾಕಿರಲಿಲ್ಲ.

ಕಾಲುವೆ ಸೇತುವೆಯ ಹತ್ತಿರ ಒಂದು ಚಹಾದಂಗಡಿ ಇತ್ತು, ನೆನಪಿರಬೇಕು. ನಾನು ಇನ್ನೂ ಸಣ್ಣವನು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋಗಿ, ಚಪ್ಪರದ ಗೂಟಕ್ಕೆ ಬೋರಲು ಹಾಕಿದ್ದ ಒಂದು ಗಾಜಿನ ಗ್ಲಾಸು ತೋರಿಸಿದ. "ನೋಡಲೇ ಮಾರೇಶಾ, ಬ್ಯಾರೇರು ಯಾವ ಗ್ಲಾಸ್ ಸಿಕ್ಕರ ಅದರಾಗ ಕುಡೀತಾರ. ನಿಮ್ಮಪ್ಪಗ ಇಲ್ಲಿ ಖಾಯಂ ಗ್ಲಾಸ್ ಐತಿ." ನಾನು ನಂಬಿದೆ. ಅಪ್ಪ ದೊಡ್ಡ ಮನುಷ್ಯ ಅಂದುಕೊಂಡೆ. ಮರುದಿನ ಶಾಲೆಗೆ ಹೋಗಿ ಎಲ್ಲರೆದುರು ಜಂಬ ಕೊಚ್ಚಿದೆ: "ನಮ್ಮಪ್ಪಗ ಖಾಯಂ ಗ್ಲಾಸ್ ಐತಿ, ನಿಮ್ಮಪ್ಪಗ ಐತೇನ್ರಲೇ?" ಹುಡುಗರು ಹೊಟ್ಟೆ ಹಿಡಿದು ನಕ್ಕರು. ಯಾಕೆ ನಗುತ್ತಾರೆಂದು ನನಗೆ ಗೊತ್ತಾಗಲಿಲ್ಲ. ಅವರಲ್ಲೇ ಒಬ್ಬ ಬಿಡಿಸಿ ಹೇಳಿದ. ಅವತ್ತಿನಿಂದ ಸಿರುಗುಪ್ಪ ಬಿಡುವ ತನಕ ನನಗೆ ಹೆಸರೇ ಇರಲಿಲ್ಲ. "ಖಾಯಂ ಮಾರೆಣ್ಣನ ಮಗ", ಅಷ್ಟೆ. ಕಬಡ್ಡಿ ಆಡುವಾಗಲೂ "ಲೇ ಖಾಯಂ ಮಾರೆಣ್ಣನ ಮಗನ, ನೀ ಖಾಯಂ ಔಟ್ ಲೇ."

ಅಪ್ಪ ಸುಳ್ಳು ಹೇಳಿದ ಅಂತ ನನಗೆ ಸಿಟ್ಟಿಲ್ಲ. ಮಗುವಿಗೆ ಇನ್ನೇನು ಹೇಳಬೇಕಿತ್ತು. ಆದರೆ ಅವನು ದಿನಾ ಹೋಗಿ ಅದರಲ್ಲೇ ಕುಡಿದ, ಕುಡಿದು ತಾನೇ ತೊಳೆದ, ತೊಳೆದು ಅದೇ ಗೂಟಕ್ಕೆ ಹಾಕಿ ಬಂದ. ಅದನ್ನು ನಾನು ಕ್ಷಮಿಸಿಲ್ಲ. ಅವನು ಸತ್ತಾಗಲೂ ಕ್ಷಮಿಸಲಿಲ್ಲ. ಅವನ ಹೆಸರು ನನ್ನ ಮಗನ ಮೇಲೆ ಇರಬಾರದು.

ನಿಟ್ಟೂರಿನ ಬಂಡೆಯ ಮೇಲೆ ಅಶೋಕನ ಅಕ್ಷರಗಳಿವೆ. ನಮ್ಮ ತಾಲ್ಲೂಕಿನಲ್ಲೇ ಇವೆ, ನೀನು ನೋಡಿಲ್ಲ. ಯುದ್ಧ ಮಾಡಿ, ಕೊಂದು, ಪಶ್ಚಾತ್ತಾಪಪಟ್ಟು ಬದಲಾದ ಮನುಷ್ಯ. ಬದಲಾದವನ ಮಾತು ಕಲ್ಲಿನಲ್ಲಿ ಉಳಿಯಿತು. ನಾನು ಮಗನಿಗೆ ಸಮ್ರಾಟ್ ಎಂದು ಇಟ್ಟದ್ದು ಕಿರೀಟಕ್ಕಲ್ಲ, ಅದಕ್ಕೆ.

ಮೇ 23. ಬಾ, ಇಲ್ಲವೇ ಮುಗಿಯಿತು.

ಮಾರೇಶ್ ಎಂ.


ಕುರುಗೋಡು
21 ಏಪ್ರಿಲ್ 2024

ಹಂಪಕ್ಕನವರಿಗೆ ನಂದಿನಿಯ ನಮಸ್ಕಾರಗಳು.

ಕೂಸು ಮಲಗಿದೆ, ಏಳುವುದರೊಳಗೆ ಮುಗಿಸುತ್ತೇನೆ. ನೀವು ಬರೆದದ್ದನ್ನು ಅವರು ಭಾನುವಾರ ಬಂದು ಓದಿ ಹೇಳುತ್ತಾರೆ. ಅವರು ಬರೆದದ್ದನ್ನು ನೀವು ನಮ್ಮವ್ವನಿಗೆ ಫೋನಿನಲ್ಲಿ ಓದಿ ಹೇಳುತ್ತೀರಿ. ನಡುವೆ ಕೂತು ಎರಡೂ ಕೇಳಿ ನನ್ನ ಎದೆಹಾಲು ಬತ್ತುವುದೊಂದು ಬಾಕಿ.

ಹೆತ್ತವಳು ನಾನು. ಏನು ಹೆಸರಿಡೋಣ ಅಂತ ಒಬ್ಬರಾದರೂ ನನ್ನನ್ನು ಕೇಳಿದಿರಾ? ಅವರು ಬಂಡೆ ನೋಡಿ ಬಂದು ಸಮ್ರಾಟ್ ಅಂದರು. ನೀವು ಕಿವಿ ನೋಡಿ ಮಾರೆಣ್ಣ ಅಂದಿರಿ. ನಾನು ಒಂದು ಹೆಸರು ಅಂದುಕೊಂಡಿದ್ದೆ, ಅದು ಮನಸ್ಸಿನಲ್ಲೇ ಇದೆ, ಇನ್ನು ಹೇಳುವುದೂ ಇಲ್ಲ. ನಾನು ಪುಟ್ಟಾ ಎಂದು ಕರೆಯುತ್ತೇನೆ, ಅದಕ್ಕೆ ಇವನು ನಗುತ್ತಾನೆ.

ಇದು ನಿಮ್ಮಿಬ್ಬರ ಅಪ್ಪನ ಜಗಳ. ನನ್ನ ಮಗನ ತಲೆಯ ಮೇಲೆ ಇಟ್ಟು ಆಡುತ್ತಿದ್ದೀರಿ. ಇವನು ನಿಮ್ಮ ಗೂಟವೂ ಅಲ್ಲ, ನಿಮ್ಮ ಗ್ಲಾಸೂ ಅಲ್ಲ. ನನಗೆ ಸಿಟ್ಟು ಬಂದಿದೆ ಅಕ್ಕಾ, ಇಬ್ಬರ ಮೇಲೂ ಬಂದಿದೆ. ದೊಡ್ಡವರೆಂದು ಸುಮ್ಮನಿದ್ದೆ.

ನೀವು ಅವರನ್ನು ಅತಿಥಿ ಅಂದದ್ದು ಮಾತ್ರ ಬಹಳ ತಪ್ಪು. ಆ ದಿನ ಅವರು ಉಣ್ಣಲಿಲ್ಲ. ಕಾಗದ ಹರಿಯಲು ಹೋದರು, ಹರಿಯಲಿಲ್ಲ, ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಇದನ್ನು ನಾನು ಹೇಳಿದೆ ಎಂದು ಹೇಳಬೇಡಿ.

ಎದ್ದ.

ನಂದಿನಿ


ಪಾರ್ವತಿನಗರ, ಬಳ್ಳಾರಿ
24 ಮೇ 2024

ಹಂಪಕ್ಕನಿಗೆ,

ನಿನ್ನೆ ಎಲ್ಲರೂ ಬಂದಿದ್ದರು. ಅತ್ತೆಯವರು ಬಾಗಿಲ ಕಡೆ ನೋಡುತ್ತ ಕೂತರು. ನಾನೂ ನೋಡಿದೆ, ಅದನ್ನು ಮುಚ್ಚಿಡುವುದಿಲ್ಲ. ತೆಕ್ಕಲಕೋಟೆಯ ಕಡೆಯ ಬಸ್ಸುಗಳೆಲ್ಲ ಬಂದು ಹೋದವು. ಕೊನೆಗೆ ಹೆಸರನ್ನು ನಾನೇ ಹೇಳಿದೆ. ಯಾರೂ ಗುದ್ದಲಿಲ್ಲ. "ಗಂಡಸರ ಬೆನ್ನಿಗೆ ಯಾರು ಗುದ್ದತಾರ್ರೀ" ಎಂದು ಅತ್ತೆಯವರು ಒಳಗೆ ಹೋದರು. ಪಾಯಸ ಹಾಗೇ ಉಳಿಯಿತು.

ನಿನಗೆ ಇಲ್ಲಿ ತವರು ಇಲ್ಲ. ಪಂಚಮಿಗೆ ಕರೆಯಲು ಬರುವುದಿಲ್ಲ. ಸೀರೆ ಕಳಿಸುವುದಿಲ್ಲ. ಇದು ನನ್ನ ಕೊನೆಯ ಕಾಗದ.

ಮಾರೇಶ್ ಎಂ.


ತೆಕ್ಕಲಕೋಟೆ
10 ಜೂನ್ 2024

ಮಾರೇಶಾ,

ಈ ಸಲ ಆಶೀರ್ವಾದ ಬರೆದಿಲ್ಲ. ಗೆದ್ದೆ ಅಂದುಕೋ.

ಬುದ್ಧ ಹೇಳಿದ್ದು ಯಾವುದೂ ಖಾಯಂ ಅಲ್ಲ ಅಂತ, ನೀನೇ ಒಮ್ಮೆ ನನ್ನನ್ನು ಕೂರಿಸಿ ಪಾಠ ಮಾಡಿದ್ದೆ. ಹಾಗಾದರೆ ನಿನ್ನ ಸಿಟ್ಟು ಒಂದು ಹೇಗೆ ಖಾಯಂ ಆಯಿತೋ? ಅಪ್ಪನ ಮೇಲಿನ ಸಿಟ್ಟನ್ನು ಹತ್ತು ವರ್ಷದ ಹುಡುಗ ಹಿಡಿದುಕೊಂಡಿದ್ದು ಸರಿ. ನಲವತ್ತರ ಹತ್ತಿರ ಬಂದವನು ಇನ್ನೂ ಅದನ್ನು ಹಿಡಿದುಕೊಂಡು ತಿರುಗುತ್ತಿದ್ದೀಯ. ಇಂಥವನು ನನಗೆ ಬಂಡೆಯ ಮೇಲಿನ ಅಕ್ಷರ ತೋರಿಸಲು ಬಂದ.

ನಾನು ಒಂದು ಆಣೆ ಮಾಡಿದ್ದೆ. ಸಾಯುವ ತನಕ ಮುರಿಯಬಾರದು ಅಂದುಕೊಂಡಿದ್ದೆ. ನೀನು 'ಅದೇ ಗೂಟಕ್ಕೆ ಹಾಕಿ ಬಂದ' ಎಂದು ಬರೆದ ದಿನವೇ ಮುರಿಯಬೇಕಿತ್ತು. ಸಿಟ್ಟಿಗೆ ಸುಮ್ಮನಿದ್ದೆ. ನಿನಗೆ ಹೇಳುವಷ್ಟು ಯೋಗ್ಯತೆ ಇಲ್ಲ ಅನ್ನಿಸಿತ್ತು. ಈಗಲೂ ಇಲ್ಲ. ಆದರೆ ನಂದಿನಿ ಬೈದು ಬರೆದಳು, ಅವಳ ಮುಖ ನೋಡಿ ಬರೆಯುತ್ತಿದ್ದೇನೆ.

ನೀನು ಬಳ್ಳಾರಿಯ ಹಾಸ್ಟೆಲಿನಲ್ಲಿದ್ದೆ, ಪಿಯುಸಿ. ಆ ವರ್ಷ ದಿನಗೂಲಿಯವರನ್ನು ಖಾಯಂ ಮಾಡಲು ಹೆಸರು ಬರೆದು ಮೇಲಕ್ಕೆ ಕಳಿಸುವುದಿತ್ತು. ಬರೆಯುವವನು ಅಪ್ಪನ ಗ್ಯಾಂಗಿನ ಮೇಸ್ತ್ರಿ. ಚಹಾದಂಗಡಿಯವನ ಅಣ್ಣ. "ಈ ಸಲ ನಿಂದ ಮೊದಲನೇ ಹೆಸರು ಮಾರೆಣ್ಣ" ಎಂದು ಮೇಸ್ತ್ರಿ ಮನೆಯ ತನಕ ಬಂದು ಹೇಳಿ ಹೋಗಿದ್ದ. ಅವ್ವ ಆ ರಾತ್ರಿ ಹೋಳಿಗೆ ಮಾಡಿದ್ದಳು.

ನಾನು ತವರಿಗೆ ಬಂದಿದ್ದೆ. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಕಾಲುವೆಗೆ ಹೋದೆ. ಅಪ್ಪ ಅಂಗಡಿಯ ಹೊರಗೆ ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಒಳಗೆ ಬೆಂಚಿನ ಮೇಲೆ ನಾಲ್ಕು ಜನ ಇದ್ದರು, ಮೇಸ್ತ್ರಿಯೂ ಇದ್ದ. ಅಪ್ಪ ಕುಡಿದ. ಎದ್ದು ತೊಳೆದ. ಗೂಟದ ತನಕ ಹೋದ. ಅಲ್ಲಿ ನಿಂತುಬಿಟ್ಟ. ಗ್ಲಾಸನ್ನು ಕೈಯಲ್ಲಿ ತಿರುಗಿಸಿ ನೋಡಿದ.

"ಇದು ಯಾರದ್ರೀ?" ಅಂದ.

"ನಿಂದ ಐತಲ್ಲೋ. ನಿನ್ನ ಖಾಯಂ ಗ್ಲಾಸು" ಅಂದ ಅಂಗಡಿಯವನು.

"ನಂದನಾ? ಖರೇನ ನಂದ?"

"ನಿಂದ ಅಲ್ದ ಮತ್ಯಾರ್ದೋ? ಅದನ್ನ ಬ್ಯಾರೆ ಯಾರು ಮುಟ್ಟತಾರ?"

ಅಪ್ಪ ಕೈ ಬಿಟ್ಟ. ಎಸೆಯಲಿಲ್ಲ, ಕೇಳು, ಸುಮ್ಮನೆ ಬೆರಳು ಬಿಚ್ಚಿದ. ಕಲ್ಲಿನ ಮೇಲೆ ಬಿದ್ದು ಪುಡಿಯಾಯಿತು. ಅಂಗಡಿಯವನು ಬೈಯಲು ಬಾಯಿ ತೆಗೆದ. ಅಪ್ಪ ಮೆತ್ತಗೆ ಅಂದ: "ಯಾಕ ಸಿಟ್ಟಾಗ್ತೀರಿ? ನಂದ ಅಂದ್ರಲ್ಲ. ನಂದು ನಾ ಒಡದೀನಿ. ನಾಳಿಂದ ಎಲ್ರಿಗೂ ಕೊಡೋ ಗ್ಲಾಸಿನಾಗ ಕೊಡೂದಾದ್ರ ಕೊಡ್ರಿ. ಇಲ್ಲಾಂದ್ರ ಚಹಾ ಬ್ಯಾಡ."

ಮೇಸ್ತ್ರಿ ಎದ್ದು ಹೊರಗೆ ಬಂದ. ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ, ಹೋದ. ಆ ವರ್ಷ ಕಳಿಸಿದ ಹೆಸರುಗಳಲ್ಲಿ ಅಪ್ಪನದಿರಲಿಲ್ಲ. ಆಮೇಲೆ ಎಂದೂ ಇರಲಿಲ್ಲ. ಹೀಗಾಗುತ್ತದೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ ಅಂದುಕೊಂಡೆಯಾ? ಬೆಂಚಿನ ಮೇಲೆ ಮೇಸ್ತ್ರಿ ಕೂತಿರುವುದನ್ನು ನೋಡಿಯೇ ಬೆರಳು ಬಿಚ್ಚಿದವನು ಅವನು.

ಇಬ್ಬರೂ ದಂಡೆಯ ಮೇಲೆ ನಡೆದು ಬಂದೆವು. ಅಪ್ಪ ದಾರಿಯುದ್ದಕ್ಕೂ ಒಂದೇ ಮಾತಾಡಿದ. "ಹಂಪೀ, ಒಡೀತೈತಿ ನೋಡು." ಸಣ್ಣ ಹುಡುಗ ಹೊಸದೇನೋ ಕಂಡುಹಿಡಿದವನ ಹಾಗೆ ಹೇಳಿದ. ಮನೆ ಹತ್ತಿರ ಬಂದಮೇಲೆ ನನ್ನ ಕೈ ಹಿಡಿದು ಆಣೆ ಮಾಡಿಸಿದ. "ತಮ್ಮಗ ಹೇಳಬ್ಯಾಡ. ಓದೂದು ಬಿಟ್ಟು ಜಗಳಾಡಾಕ ಬರ್ತಾನ. ಅವ ಕೇಳಿದ್ರ ಮುಂದಿನ ತಿಂಗಳ ಖಾಯಂ ಅಂತ ಹೇಳು." ಅದಾದ ಮೇಲೂ ಆ ಮಾತನ್ನು ಹೇಳುತ್ತಲೇ ಇದ್ದ, ನೀನು ನಾಚಿಕೆ ಪಡುತ್ತಲೇ ಇದ್ದೆ. ಅದು ನೌಕರಿಯ ಆಸೆ ಅಲ್ಲ ಮಾರೇಶ. ಮಗ ಹಾಸ್ಟೆಲಿನಲ್ಲಿ ನೆಮ್ಮದಿಯಿಂದ ಮಲಗಲಿ ಅಂತ. ಚಹಾವನ್ನು ಮಾತ್ರ ಸಾಯುವ ತನಕ ಬಾಯಿಗಿಡಲಿಲ್ಲ. ರಜೆಗೆ ಬಂದಾಗ ನೀನೇ ಕೇಳಿದ್ದೆ, ಯಾಕಪ್ಪಾ ಚಹಾ ಬಿಟ್ಟಿ ಅಂತ. ಹೊಟ್ಟೆ ಉರಿಯುತ್ತದೆ ಅಂದಿದ್ದ. ನೀನು ಸರಿ ಅಂದು ಎದ್ದು ಹೋದೆ.

ನಾನು ನಿನ್ನ ಮಗನ ಕಿವಿಯಲ್ಲಿ ಹೇಳಿದ್ದು ಆ ಮಾರೆಣ್ಣನ ಹೆಸರು. ಊರು ಯಾವುದನ್ನು ಖಾಯಂ ಅಂದಿತೋ ಅದನ್ನು ಕೈಬಿಟ್ಟು ನೋಡಿದವನ ಹೆಸರು. ಬೇಡವಾದರೆ ಬಿಡು.

ಪಂಚಮಿಗೆ ಕರೆಯುವುದಿಲ್ಲ ಅಂದೆ. ಕರೆದರೂ ಬರುತ್ತಿರಲಿಲ್ಲ. ಅಕ್ಕನ ಮುಖದ ಮೇಲೆ ಬಾಗಿಲು ಹಾಕಿದ ಮನೆಯನ್ನು ತವರು ಅನ್ನಲು ನನಗೆ ಬಾಯಿ ಬರುವುದಿಲ್ಲ. ನಿನ್ನ ಹೊಸಿಲನ್ನು ನೀನೇ ಕಾದುಕೋ.

ಹಂಪಕ್ಕ


ಪಾರ್ವತಿನಗರ, ಬಳ್ಳಾರಿ
1 ಆಗಸ್ಟ್ 2024

ಅಕ್ಕ,

ಕೊನೆಯ ಕಾಗದ ಅಂದಿದ್ದೆ. ಅದೂ ಖಾಯಂ ಆಗಲಿಲ್ಲ, ನಗು.

ಇಷ್ಟು ದಿನ ಬರೆಯದಿದ್ದದ್ದು ಮನಸ್ಸು ಕರಗಿತು ಅಂತಲ್ಲ. ಸಿಟ್ಟು ಇನ್ನೂ ಹೆಚ್ಚಾಗಿತ್ತು. ಇಪ್ಪತ್ತು ವರ್ಷ ನಾನು ಆ ಮನುಷ್ಯನ ಬಗ್ಗೆ ನಾಚಿಕೆಪಟ್ಟೆ. ನೀನು ನೋಡುತ್ತ ಕೂತೆ. ಅವನ ಹೆಣದ ಮುಂದೆ ನಾನು ಕಲ್ಲಿನ ಹಾಗೆ ನಿಂತಿದ್ದೆ, ಅವತ್ತಾದರೂ ಕಿವಿಯಲ್ಲಿ ಹೇಳಬಹುದಿತ್ತು. ಕೂಸಿನ ಕಿವಿಯಲ್ಲಿ ಹೇಳಲು ಬಂತು, ತಮ್ಮನ ಕಿವಿಯಲ್ಲಿ ಹೇಳಲು ಬರಲಿಲ್ಲ. ನೀನು ನನ್ನ ಅಪ್ಪನನ್ನು ನನ್ನಿಂದ ಬಚ್ಚಿಟ್ಟೆ. ಆಣೆ ಗೀಣೆ ನನಗೆ ಹೇಳಬೇಡ. ಇದನ್ನು ನಾನು ಕ್ಷಮಿಸಿಲ್ಲ, ಇವತ್ತಿಗಂತೂ ಇಲ್ಲ.

ಕಳೆದ ವಾರ ಸಿರುಗುಪ್ಪಕ್ಕೆ ಹೋಗಿದ್ದೆ. ಕಾಲುವೆಗೆ ನೀರು ಬಿಟ್ಟಿದ್ದಾರೆ. ಆ ಅಂಗಡಿ ಈಗಿಲ್ಲ, ಅಲ್ಲಿ ಪಂಕ್ಚರ್ ಹಾಕುವವನಿದ್ದಾನೆ. ಪಕ್ಕದಲ್ಲಿ ತಳ್ಳುಗಾಡಿಯ ಮೇಲೆ ಚಹಾ. ಎಲ್ಲರಿಗೂ ಕಾಗದದ ಕಪ್ಪು, ಕುಡಿದು ಬಿಸಾಡುವುದು. ನಾನೂ ಒಂದು ಕುಡಿದೆ. ಇನ್ನೊಂದು ತೆಗೆದುಕೊಂಡು ಆ ಕಲ್ಲಿನ ಮೇಲಿಟ್ಟೆ. ಬೌದ್ಧನಾದವನು ಹಿರಿಯರಿಗೆ ಎಡೆ ಇಡುತ್ತಾನೆಂದು ನೀನು ನಗುತ್ತೀಯ. ಅದು ಎಡೆ ಅಲ್ಲ. ಅವನು ಬಿಟ್ಟ ಚಹಾ, ಅಷ್ಟೆ. "ಯಾರಿಗ್ರೀ ಅದು?" ಎಂದು ತಳ್ಳುಗಾಡಿಯವನು ಕೇಳಿದ. ನಮ್ಮಪ್ಪನಿಗೆ ಅಂದೆ.

ಇನ್ನೊಂದು ಸಂಗತಿ. ಹೇಳಬಾರದು ಅಂದುಕೊಂಡಿದ್ದೆ. ನಂದಿನಿ ಹೇಗಿದ್ದರೂ ಹೇಳುತ್ತಾಳೆ, ಅವಳಿಗಿಂತ ಮೊದಲು ನಾನೇ ಹೇಳುವುದು ವಾಸಿ. ಅವಳೂ ಕೂಸೂ ಬಳ್ಳಾರಿಗೆ ಬಂದಿದ್ದಾರೆ. ಭಾನುವಾರ ಬೆಳಿಗ್ಗೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಪೇಪರ್ ಓದುತ್ತಿದ್ದೆ. ಪಕ್ಕದ ಸ್ಟೂಲಿನ ಮೇಲೆ ನನ್ನ ಚಹಾದ ಗ್ಲಾಸಿತ್ತು. ಕೈ ಬೀಸಿದ. ಗ್ಲಾಸು ಕೆಳಗೆ ಬಿದ್ದು ಒಡೆಯಿತು. ನನ್ನ ಬಾಯಿಂದ "ಲೇ ಮಾರೆಣ್ಣಾ!" ಎಂದು ಬಂತು. ಅವನು ತಿರುಗಿ ನನ್ನ ಮುಖ ನೋಡಿ ನಕ್ಕ. ನಂದಿನಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ನಾನು ಪೇಪರ್ ಓದಿದೆ.

ಇದರಿಂದ ಜಂಬ ಪಡಬೇಡ. ಜನನ ಪ್ರಮಾಣಪತ್ರದಲ್ಲಿ ಸಮ್ರಾಟ್ ಅಂತಲೇ ಇದೆ, ಅದು ಹಾಗೇ ಇರುತ್ತದೆ. ನಂದಿನಿ ಇಬ್ಬರ ಮಾತೂ ಕೇಳದೆ ಪುಟ್ಟ ಅನ್ನುತ್ತಾಳೆ. ಅವನು ದೊಡ್ಡವನಾದ ಮೇಲೆ ಬೇಕಾದ್ದನ್ನು ಇಟ್ಟುಕೊಳ್ಳಲಿ.

ಒಂಬತ್ತನೇ ತಾರೀಖು ಪಂಚಮಿ. ನಾನು ಹುತ್ತಕ್ಕೆ ಹಾಲೆರೆಯುವುದಿಲ್ಲ. ಮೇಲಿನ ಜಂತಿಗೆ ಜೋಕಾಲಿ ಕಟ್ಟಿದ್ದೇನೆ. ನಂದಿನಿಗೆ ಉಂಡಿ ಕಟ್ಟಲು ಬರುವುದಿಲ್ಲ, ಕಟ್ಟಿದರೆ ಕಲ್ಲಾಗುತ್ತವೆ. ಎಂಟನೇ ತಾರೀಖು ಬೆಳಿಗ್ಗೆ ತೆಕ್ಕಲಕೋಟೆಗೆ ಬಂದು ನಿನ್ನ ಬಾಗಿಲಲ್ಲಿ ನಿಲ್ಲುತ್ತೇನೆ. ಬೈಯುವುದಿದ್ದರೆ ಬಸ್ಸಿನಲ್ಲಿ ಬೈಯಿ, ದಾರಿ ಉದ್ದ ಇದೆ.

ತವರು ಖಾಯಂ ಎಂದು ಕರೆಯುತ್ತಿಲ್ಲ. ಆ ಪದವನ್ನು ನಾನು ಇನ್ನೂ ನಂಬುವುದಿಲ್ಲ. ಈ ವರ್ಷ ಕರೆಯುತ್ತಿದ್ದೇನೆ, ಅಷ್ಟೆ. ಮುಂದಿನ ವರ್ಷ ಮತ್ತೆ ಬಂದು ಮತ್ತೆ ಕರೆಯುತ್ತೇನೆ.

ಇಂತಿ,
ಖಾಯಂ ಮಾರೆಣ್ಣನ ಮಗ